ತಲೆಯೆತ್ತಿ ಎಣಿಸುವ ಸಂಜೆಗಳು

ಇಂಗ್ಲಿಷ್ ಮೀಡಿಯಂ ಮಕ್ಕಳ ಚಿತ್ರಪುಸ್ತಕದಲ್ಲಿ ‘ಆಟಮ್’ ಎಂದರೆ ಕೆಂಪು, ಕಿತ್ತಳೆ ಬಣ್ಣದ ಎಲೆಗಳು ಉದುರುವ ಕಾಲ. ಆ ಚಿತ್ರ ನೋಡಿ ಬೆಳೆದ ಮಗು ದಸರೆ ರಜೆಗೆ ತಿಪಟೂರಿನ ಕಡೆಗೋ ತುರುವೇಕೆರೆಯ ಕಡೆಗೋ ಅಜ್ಜಿಮನೆಗೆ ಬಂದರೆ ಅದಕ್ಕೆ ಕೆಂಪೆಲೆ ಒಂದೂ ಸಿಗುವುದಿಲ್ಲ. ತೆಂಗಿನ ಮರ ಎಲೆ ಉದುರಿಸುವುದೇನೋ ನಿಜ, ಆದರೆ ಅದಕ್ಕೆ ಋತುವಿನ ಹಂಗಿಲ್ಲ. ತಿಂಗಳಿಗೆ ಒಂದರಂತೆ ವರ್ಷಕ್ಕೆ ಹನ್ನೆರಡೋ ಹದಿಮೂರೋ ಗರಿ ಬೀಳುತ್ತವೆ. ಚೈತ್ರವಾದರೂ ಅಷ್ಟೇ, ಕಾರ್ತಿಕವಾದರೂ ಅಷ್ಟೇ. ಆಶ್ವಯುಜ ಬಂತೆಂದು ಈ ಸೀಮೆಯಲ್ಲಿ ಗೊತ್ತಾಗುವುದು ಹೊಲದ ಬದುವಿನಲ್ಲಿ ಹುಚ್ಚೆಳ್ಳು ಹಳದಿಯಾದಾಗ, ರಾಗಿ ತೆನೆ ಬಾಗಿದಾಗ, ಮಧ್ಯಾಹ್ನ ಸುಡುವ ಬಿಸಿಲಿದ್ದು ಸಂಜೆಗೆ ಪೂರ್ವದಿಂದ ಮೋಡ ಏರಿ ಬಂದಾಗ.

ತುಮಕೂರು ಜಿಲ್ಲೆಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಮಳೆ ಇಲ್ಲದ ಸಂಜೆ ಗಾಳಿಯಲ್ಲಿ ಧೂಳಿರುವುದಿಲ್ಲ, ಆಕಾಶ ತೊಳೆದಿಟ್ಟಂತಿರುತ್ತದೆ. ಮಕ್ಕಳನ್ನು ಹೊರಗೆ ಕರೆದೊಯ್ಯಲು ಐದು ಗಂಟೆಯಿಂದ ಏಳೂವರೆಯವರೆಗಿನ ಹೊತ್ತು ಪ್ರಶಸ್ತ. ಟಾರ್ಚು ಬೇಕು, ಸೊಳ್ಳೆಗೆ ತುಂಬುತೋಳಿನ ಅಂಗಿ ಬೇಕು, ಹುಲ್ಲಿನಲ್ಲಿ ಕಾಲಿಡುವ ಮುಂಚೆ ನೋಡಿ ಇಡುವ ಅಭ್ಯಾಸ ಬೇಕು. ಬೈನಾಕ್ಯುಲರ್, ದೂರದರ್ಶಕ ಯಾವುದೂ ಬೇಡ. ಮೂವತ್ತರವರೆಗೆ ಎಣಿಸಲು ಬಂದರೆ ಸಾಕು.

ಎಣಿಕೆ ತೋಟದಿಂದಲೇ ಶುರುವಾಗಲಿ. ತೀರ ಎತ್ತರವಲ್ಲದ, ಗೊನೆಗಳು ಬಿಡಿಬಿಡಿಯಾಗಿ ಕಾಣುವ ಒಂದು ಮರ ಆರಿಸಿಕೊಳ್ಳಿ. ಮರದ ಬುಡದಲ್ಲಿ ನಿಲ್ಲಬೇಡಿ, ಇಪ್ಪತ್ತು ಮೂವತ್ತು ಅಡಿ ದೂರ ನಿಲ್ಲಿ. ಹದಿನೈದು ಮೀಟರ್ ಎತ್ತರದಿಂದ ಕಳಚಿದ ಕಾಯಿ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಮುಟ್ಟುವಾಗ ಅದರ ವೇಗ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿರುತ್ತದೆ. ದೂರ ನಿಂತರೆ ಜೀವಕ್ಕೂ ಕ್ಷೇಮ, ಗೊನೆಗಳೂ ಚೆನ್ನಾಗಿ ಕಾಣುತ್ತವೆ.

ಮರದ ನಡುನೆತ್ತಿಯಲ್ಲಿ ಇನ್ನೂ ಬಿಚ್ಚದ ಗರಿ ನೆಟ್ಟಗೆ ನಿಂತಿರುತ್ತದೆ, ಅದೇ ಸುಳಿ. ಅದರಿಂದ ಕೆಳಕ್ಕೆ ಬಂದರೆ ಕತ್ತಿಯ ಒರೆಯಂಥ ಒಂದು ಹಸಿರು ಪೊರೆ ಕಾಣುತ್ತದೆ; ಇನ್ನೂ ಒಡೆಯದ ಹೊಂಬಾಳೆ ಅದರೊಳಗಿದೆ. ಅದರ ಕೆಳಗಿನದು ಈಗಷ್ಟೇ ಒಡೆದ ಹೊಂಬಾಳೆ, ಜೇನು ಮುತ್ತಿರುತ್ತದೆ. ಎಳೆಗಳ ತುದಿಯುದ್ದಕ್ಕೂ ಇರುವ ಸಾವಿರಾರು ಸಣ್ಣ ಹೂಗಳು ಗಂಡು, ಬುಡದಲ್ಲಿ ಗುಂಡಿಯಂತೆ ದುಂಡಗಿರುವ ಕೆಲವೇ ಕೆಲವು ಹೆಣ್ಣು. ಗಂಡುಹೂಗಳು ಮೊದಲು ಅರಳಿ ಉದುರಿ ಮುಗಿದ ಮೇಲೆ ಹೆಣ್ಣುಹೂಗಳ ಸರದಿ. ಹಾಗಾಗಿ ಎತ್ತರದ ತಳಿಯ ಮರಕ್ಕೆ ಸಾಮಾನ್ಯವಾಗಿ ಪಕ್ಕದ ಮರದ ಪರಾಗವೇ ಬೇಕು. ನಮ್ಮ ತಿಪಟೂರು ಟಾಲ್ ಇದೇ ಪೈಕಿ. ಇನ್ನೂ ಕೆಳಗೆ ಬಂದರೆ ಹೀಚು, ಮುಷ್ಟಿಗಾತ್ರದ ಕಾಯಿ, ಎಳನೀರು, ಬಲಿತ ಕಾಯಿ, ಕೊನೆಗೆ ಕಂದು ತಿರುಗಿದ ಗೊನೆ.

ಇಲ್ಲಿ ಎಣಿಸಬೇಕಾದ ವಿಷಯ ಇದು: ಪ್ರತಿ ಗರಿಯ ಕಂಕುಳಲ್ಲೂ ಒಂದು ಹೊಂಬಾಳೆ. ತಿಂಗಳಿಗೊಂದು ಗರಿ ಬರುವುದರಿಂದ ತಿಂಗಳಿಗೊಂದು ಗೊನೆ. ಒಡೆದ ಹೊಂಬಾಳೆಯನ್ನು ಸೊನ್ನೆ ಎಂದಿಟ್ಟುಕೊಂಡು ಕೆಳಕ್ಕೆ ಎಣಿಸಿದರೆ ಆರನೆಯದೋ ಏಳನೆಯದೋ ಎಳನೀರಿಗೆ ಸರಿಯಾದ ಗೊನೆ. ಆ ಹೊತ್ತಿಗೆ ನೀರು ತುಂಬಿರುತ್ತದೆ, ತಿಳಿಗಂಜಿಯಂಥ ತಿರುಳು ಕಟ್ಟಲು ಶುರುವಾಗಿರುತ್ತದೆ. ಹನ್ನೊಂದನೆಯದೋ ಹನ್ನೆರಡನೆಯದೋ ಕೀಳಬೇಕಾದ ಕಾಯಿ. ದೋಟಿ ಹಿಡಿದ ಅಣ್ಣನನ್ನು ಕೇಳಿದರೆ ಯಾವ ಗೊನೆ ಯಾವ ಹಬ್ಬದ ಹೊತ್ತಿಗೆ ಒಡೆದದ್ದು ಎಂದು ಬಾಯಲ್ಲೇ ಹೇಳಿಬಿಡುತ್ತಾರೆ. ಮಕ್ಕಳು ಬೆರಳಲ್ಲಿ ಎಣಿಸಿ ಅದೇ ಉತ್ತರಕ್ಕೆ ಬಂದಾಗ ಇಬ್ಬರ ಮುಖವನ್ನೂ ನೋಡಬೇಕು.

ಆದರೆ ಒಂದೇ ಕಡೆ ನಿಂತು ಎಣಿಸಲು ಆಗುವುದಿಲ್ಲ. ಸೊನ್ನೆ ನಿಮ್ಮ ಮುಂದಿದ್ದರೆ ಒಂದನೆಯದು ಮರದ ಆಚೆ ಮಗ್ಗುಲಲ್ಲಿರುತ್ತದೆ, ಎರಡನೆಯದು ಮತ್ತೆಲ್ಲೋ. ಒಂದು ಗರಿಗೂ ಅದರ ಮುಂದಿನ ಗರಿಗೂ ನಡುವೆ ಸುಮಾರು 140 ಡಿಗ್ರಿ ತಿರುವು ಇರುತ್ತದೆ. ಮೇಲಿನ ಗರಿಯ ನೆರಳು ಕೆಳಗಿನದರ ಮೇಲೆ ನೇರವಾಗಿ ಬೀಳದಂತೆ ಬಿಸಿಲು ಹಂಚಿಕೊಳ್ಳುವ ಏರ್ಪಾಡು ಅದು. ಹಾಗಾಗಿ ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳು ಮರವನ್ನು ನಾಲ್ಕಾರು ಸಲ ಸುತ್ತಿರುತ್ತಾರೆ. ಕೂತು ಕಲಿಯುವ ಪಾಠಕ್ಕಿಂತ ಇದು ವಾಸಿ.

ಸುತ್ತುವಾಗ ಚುರುಕು ಕಣ್ಣಿನ ಹುಡುಗಿಯೊಬ್ಬಳು ಇನ್ನೊಂದನ್ನು ಕಂಡುಹಿಡಿಯಬಹುದು. ಒಂದು ಮರದಲ್ಲಿ ಗೊನೆಗಳೆಲ್ಲ ಮಟ್ಟೆಯ ಒಂದೇ ಪಕ್ಕಕ್ಕೆ ಜಾರಿ ತೂಗುತ್ತಿದ್ದರೆ ಪಕ್ಕದ ಮರದಲ್ಲಿ ಎಲ್ಲವೂ ಇನ್ನೊಂದು ಪಕ್ಕಕ್ಕೆ. ಗರಿಗಳ ಸುರುಳಿ ಕೆಲವು ಮರಗಳಲ್ಲಿ ಎಡಕ್ಕೆ, ಕೆಲವು ಮರಗಳಲ್ಲಿ ಬಲಕ್ಕೆ ತಿರುಗುವುದೇ ಇದಕ್ಕೆ ಕಾರಣ. ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಟಿ.ಎ. ಡೇವಿಸ್ ಎಂಬ ಸಸ್ಯವಿಜ್ಞಾನಿ ಈ ಎಡ-ಬಲದ ಬೆನ್ನು ಹತ್ತಿದವರು. ಇದು ತಾಯಿಮರದಿಂದ ಸಸಿಗೆ ಬರುವ ಗುಣವಲ್ಲ ಎಂದು ಅವರು 1962ರಲ್ಲಿ ಪ್ರಕಟಿಸಿದರು. ಎಡಮರದ ಕಾಯಿ ನೆಟ್ಟರೂ ಸಸಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಎಡ, ಅರ್ಧ ಬಲ. ನಿಮ್ಮ ತೋಟದಲ್ಲಿ ಎಷ್ಟೆಷ್ಟು? ಒಬ್ಬರಿಗೆ ಎಡ, ಒಬ್ಬರಿಗೆ ಬಲ ಎಂದು ಹಂಚಿ ಎಣಿಸಲು ಬಿಟ್ಟರೆ ಒಂದು ಸಂಜೆಗೆ ಅದೇ ಸಾಕು.

ಗೊನೆಯ ಲೆಕ್ಕ ಹನ್ನೆರಡು ತಿಂಗಳಿಗೆ ಮುಗಿಯಿತು ಎಂದುಕೊಳ್ಳಬೇಡಿ. ಹೊಂಬಾಳೆ ಹೊರಗೆ ಒಡೆಯುವ ದಿನ ಅದರ ಹುಟ್ಟಿದ ದಿನವಲ್ಲ. ಅದಕ್ಕೂ ಸುಮಾರು 32 ತಿಂಗಳು ಮೊದಲೇ, ಸುಳಿಯ ಒಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೊಳಕೆಯಾಗಿ ಅದು ಶುರುವಾಗಿರುತ್ತದೆ. ಅಲ್ಲಿಂದ ಬಲಿತ ಕಾಯಿಯವರೆಗೆ ಒಟ್ಟು 44 ತಿಂಗಳು. ಮೇಲೆ ಕಂದು ತಿರುಗಿರುವ ಗೊನೆಯನ್ನು ತೋರಿಸಿ ಇಷ್ಟು ಹೇಳಿದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, “ಆಗ ನಾನು ಎಷ್ಟು ದೊಡ್ಡೋನಿದ್ದೆ?” ಎಂಬುದು. ನಾಲ್ಕು ವರ್ಷದ ತಮ್ಮನೋ ತಂಗಿಯೋ ಜೊತೆಗಿದ್ದರೆ ಇನ್ನೂ ಚೆನ್ನ. ಆ ಮಗು ಹಾಲು ಕುಡಿಯುತ್ತಿದ್ದಾಗ ಈ ಗೊನೆ ಸುಳಿಯೊಳಗೆ ಕಣ್ಣುಬಿಡುತ್ತಿತ್ತು.

ಬರಗಾಲದ ಪೆಟ್ಟು ತೆಂಗಿಗೆ ತಡವಾಗಿ ಏಕೆ ಗೊತ್ತಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ರಾಗಿ ಒಣಗಿದರೆ ಆ ವರ್ಷವೇ ಕಾಣುತ್ತದೆ. ತೆಂಗು ಹಾಗಲ್ಲ, ನೀರು ಸಾಲದ ವರ್ಷದಲ್ಲಿ ಸುಳಿಯೊಳಗೆ ಸೊರಗಿದ ಹೊಂಬಾಳೆ ಹೊರಗೆ ಬಂದು ಹೆಣ್ಣುಹೂ ಕಮ್ಮಿಯಾಗಿ ಕಾಯಿ ಕಡಿಮೆಯಾಗುವ ಹೊತ್ತಿಗೆ ಎರಡು ಮೂರು ವರ್ಷ ಕಳೆದಿರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಬೆಲೆಗೆ ಕಾರಣಗಳು ಹಲವು ಇರುತ್ತವೆ, ಮರದಲ್ಲಿ ಕಾಯಿ ಕಡಿಮೆಯಾದದ್ದು ಅವುಗಳಲ್ಲಿ ಒಂದು. ರೇಟು ಏರಿತೆಂದು ಹಿಗ್ಗಿದವರ ತೋಟದಲ್ಲೇ ಎಣಿಸಲು ಕಾಯಿ ಇರಲಿಲ್ಲ ಎಂಬುದು ಈ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಬೆಳಕು ಇನ್ನೂ ಇದ್ದರೆ ಅಟ್ಟಕ್ಕೆ ಹತ್ತಿಸಿ. ಇಲ್ಲಿಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಹೋಳು ಮಾಡಿ ಒಣಗಿಸಿದ್ದಲ್ಲ. ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಮಗುವಿನ ಕೈಗೆ ಮೂರು ಕಾಯಿ ಕೊಟ್ಟು ಕಿವಿಯ ಹತ್ತಿರ ಅಲುಗಿಸಲು ಹೇಳಿ. ಹೊಸದು ಗುಳುಗುಳು ಎನ್ನುತ್ತದೆ. ನಡುವಿನದು ಮಾತೇ ಆಡುವುದಿಲ್ಲ, ನೀರು ಹೋಗಿದೆ, ತಿರುಳು ಇನ್ನೂ ಅಂಟಿಕೊಂಡಿದೆ. ಪಕ್ವವಾದದ್ದು ಲೊಟಲೊಟ. ಸುಲಿಯದೆ, ಒಡೆಯದೆ ಒಳಗಿನ ಸಂಗತಿ ತಿಳಿಯುವ ಈ ಪರೀಕ್ಷೆಗೆ ಯಂತ್ರ ಬೇಕಿಲ್ಲ.

ಇಷ್ಟರಲ್ಲಿ ಐದೂವರೆ ಆಗಿರುತ್ತದೆ. ಮಳೆ ಬಂದು ಬಿಟ್ಟ ಮಾರನೆಯ ದಿನವಾದರೆ ಕಣದ ಮೇಲೆ, ಹೊಲದ ಮೇಲೆ, ಆಳೆತ್ತರದಲ್ಲಿ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ಸುಳಿದಾಡುತ್ತಿರುತ್ತವೆ. ಬಾಲಕ್ಕೆ ದಾರ ಕಟ್ಟಿ ಹಾರಿಸಲು ಹೊರಡುವ ಹುಡುಗರನ್ನು ಒಂದು ನಿಮಿಷ ನಿಲ್ಲಿಸಿ ಈ ಕಥೆ ಹೇಳಿ.

ಈ ಚಿಟ್ಟೆಯ ಶಾಸ್ತ್ರೀಯ ಹೆಸರು ಪ್ಯಾಂಟಾಲ ಫ್ಲೇವಿಸೆನ್ಸ್. ರೆಕ್ಕೆ ಬಿಚ್ಚಿದರೆ ಎಂಟು ಸೆಂಟಿಮೀಟರ್ ಅಗಲ, ತೂಕ ಒಂದು ಗ್ರಾಮಿಗೂ ಕಡಿಮೆ. ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿಗೆ ಪ್ರತಿವರ್ಷ ಅಕ್ಟೋಬರ್ ಬಂತೆಂದರೆ ಒಂದು ಒಗಟು. ಆ ದ್ವೀಪಗಳಲ್ಲಿ ಮೇಲ್ಮೈಯಲ್ಲಿ ನಿಲ್ಲುವ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಈ ಚಿಟ್ಟೆಯ ಮರಿ ಬೆಳೆಯುವುದು ನೀರಿನಲ್ಲೇ. ಹಾಗಿದ್ದೂ ಲಕ್ಷಗಟ್ಟಲೆ ಚಿಟ್ಟೆಗಳು ಎಲ್ಲಿಂದಲೋ ಬಂದಿಳಿದು, ಕೆಲ ದಿನವಿದ್ದು, ಮಾಯವಾಗುತ್ತಿದ್ದವು. ಅವು ಭಾರತದಿಂದ ಸಮುದ್ರ ದಾಟಿ ಬಂದು, ಸೇಶೆಲ್ಸ್ ಹಾದು, ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಅವರು 2009ರಲ್ಲಿ ವಾದ ಮುಂದಿಟ್ಟರು. ಮಳೆಯ ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸರಿಯುವ ಕಾಲದಲ್ಲಿ, ಸಾವಿರ ಮೀಟರಿಗೂ ಮೇಲೆ ಬೀಸುವ ಈಶಾನ್ಯದ ಗಾಳಿಯನ್ನೇರಿ ಪಯಣ. ಮಳೆ ಎಲ್ಲಿ ಹೊಂಡ ತುಂಬಿಸುತ್ತದೋ ಅಲ್ಲಿ ಮೊಟ್ಟೆ. ಮುಂದಿನ ಪೀಳಿಗೆ ನೈರುತ್ಯ ಮುಂಗಾರಿನ ಗಾಳಿಯಲ್ಲಿ ವಾಪಸು. ನಾಲ್ಕು ಪೀಳಿಗೆ ಸೇರಿ ಪೂರೈಸುವ ಈ ಸುತ್ತು 14 ಸಾವಿರದಿಂದ 18 ಸಾವಿರ ಕಿಲೋಮೀಟರ್ ಇರಬಹುದೆಂದು ಅವರ ಅಂದಾಜು.

2012ರಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿತು. ಮಾಲ್ಡೀವ್ಸ್‌ನಲ್ಲಿ ಹಿಡಿದ ಚಿಟ್ಟೆಗಳ ರೆಕ್ಕೆಯಲ್ಲಿನ ಹೈಡ್ರೋಜನ್ ಪರೀಕ್ಷಿಸಿದರು. ಮರಿಯಾಗಿದ್ದಾಗ ಬೆಳೆದ ನೀರಿನ ಗುರುತು ರೆಕ್ಕೆಯಲ್ಲಿ ಉಳಿಯುತ್ತದೆ, ಆ ನೀರು ಊರಿಂದೂರಿಗೆ ಬೇರೆ. ಅವು ದಕ್ಷಿಣ ಭಾರತದಲ್ಲಿ ಹುಟ್ಟಿದವಲ್ಲ, ಉತ್ತರದ ಕಡೆಯವು ಎಂದು ಗುರುತು ಹೇಳಿತು. ಅಂದರೆ ಹುಳಿಯಾರಿನ ಹೊಲದ ಮೇಲೆ ಸೊಳ್ಳೆ ಹಿಡಿದು ತಿನ್ನುತ್ತಿರುವ ಚಿಟ್ಟೆ ಇಲ್ಲಿನದೇ ಹೊಂಡದ್ದೂ ಇರಬಹುದು, ಗಂಗಾ ಬಯಲಿನಿಂದ ಹೊರಟು ನಡುದಾರಿಯಲ್ಲಿ ಊಟಕ್ಕಿಳಿದದ್ದೂ ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ. ನವೆಂಬರಿನಲ್ಲಿ ನಾಗಾಲ್ಯಾಂಡಿನಿಂದ ಹೊರಟು ನಮ್ಮ ದಖ್ಖನ್ ಮೇಲೆ ಹಾದು ಅರಬ್ಬೀ ಸಮುದ್ರ ದಾಟುವ ಅಮುರ್ ಚಾಣಗಳು ದಾರಿಯಲ್ಲಿ ಇವುಗಳನ್ನೇ ಬುತ್ತಿ ಮಾಡಿಕೊಳ್ಳುತ್ತವೆ ಎಂಬುದೂ ಆಂಡರ್ಸನ್ನರ ಊಹೆ. ಇದನ್ನು ಕೇಳಿದ ಮೇಲೆ ದಾರ ಜೇಬಿಗೆ ವಾಪಸು ಹೋಗುತ್ತದೋ ಇಲ್ಲವೋ, ಮಕ್ಕಳನ್ನು ನಂಬುವ ಹಾಗಿಲ್ಲ.

ಸೂರ್ಯ ಮುಳುಗುವ ಮುಂಚೆ ಕೆರೆ ಏರಿಗೆ ಬಂದುಬಿಡಬೇಕು. ನೊಣವಿನಕೆರೆಯಂಥ ದೊಡ್ಡ ಕೆರೆಯೇ ಆಗಬೇಕಿಲ್ಲ, ಪೂರ್ವ ದಿಕ್ಕಿಗೆ ಬಯಲು ಬಿದ್ದಿದ್ದರೆ ಸಾಕು. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಮೊಬೈಲ್ ಎತ್ತುತ್ತಾರೆ. ಮಕ್ಕಳನ್ನು ಉಲ್ಟಾ ತಿರುಗಿಸಿ ನಿಲ್ಲಿಸಿ.

ಸೂರ್ಯ ಮರೆಯಾದ ಐದಾರು ನಿಮಿಷಕ್ಕೆ ಪೂರ್ವದಂಚಿನಲ್ಲಿ, ನೆಲಕ್ಕೆ ತಾಗಿದಂತೆ, ಬೂದುನೀಲಿ ಪಟ್ಟಿಯೊಂದು ಏಳುತ್ತದೆ. ಅದರ ಮೇಲೆ ತೆಳು ಗುಲಾಬಿಯ ಇನ್ನೊಂದು ಪಟ್ಟಿ. ಮೋಡವೆಂದು ಬಿಟ್ಟುಬಿಡುವವರೇ ಹೆಚ್ಚು. ಆ ನೀಲಿ ಪಟ್ಟಿ ಭೂಮಿಯ ನೆರಳು. ನಾವು ನಿಂತ ನೆಲ ಸೂರ್ಯನಿಗೆ ಅಡ್ಡವಾಗಿ, ಪೂರ್ವದ ಗಾಳಿಯ ಮೇಲೆ ತನ್ನದೇ ನೆರಳು ಚೆಲ್ಲಿದೆ. ಮೇಲಿನ ಗುಲಾಬಿ, ಇನ್ನೂ ಬಿಸಿಲು ಬೀಳುತ್ತಿರುವ ಗಾಳಿ. ಅಷ್ಟು ದೂರದ ಗಾಳಿಯಲ್ಲಿ ತೂರಿ ಬರುವಷ್ಟರಲ್ಲಿ ಬೆಳಕಿನ ನೀಲಿಯೆಲ್ಲ ಚದುರಿ ಹೋಗಿ ಕೆಂಪಷ್ಟೇ ಅಲ್ಲಿ ಬಿದ್ದು ನಮ್ಮ ಕಡೆಗೆ ವಾಪಸಾಗುತ್ತದೆ. ಒಂದು ತೆಂಗಿನ ಮರವನ್ನು ಗುರುತಿಗಿಟ್ಟುಕೊಂಡು ನೋಡಿದರೆ ನೆರಳಿನ ಅಂಚು ಗರಿಯಿಂದ ಗರಿಗೆ ಏರುವುದು ಕಣ್ಣಿಗೇ ಕಾಣುತ್ತದೆ. ಹತ್ತು ಹದಿನೈದು ನಿಮಿಷ, ಆಮೇಲೆ ಅಂಚು ಕರಗಿ ಇಡೀ ಆಕಾಶವೇ ನೆರಳಾಗುತ್ತದೆ. ಚಂದ್ರಗ್ರಹಣದಲ್ಲಿ ಚಂದ್ರನನ್ನು ಮುಚ್ಚುವ ನೆರಳೂ ಇದೇ ಎಂದರೆ ಗ್ರಹಣದ ಪಾಠ ಅಲ್ಲಿಗೆ ಮುಗಿದಂತೆ.

ಎಲ್ಲ ಇಷ್ಟು ಬೇಗ ಮುಗಿಯುವುದಕ್ಕೆ ನಾವಿರುವ ಜಾಗ ಕಾರಣ. ತಿಪಟೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕಿದೆ, ಸೂರ್ಯ ಇಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ 21 ನಿಮಿಷಕ್ಕೆಲ್ಲ ದೀಪ ಬೇಕೆನ್ನುವ ಕತ್ತಲು. ಲಂಡನ್ನಿನಲ್ಲಿ ಇದೇ ಕಾಲದಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಅಷ್ಟೇ ಕತ್ತಲಾಗಲು 33 ನಿಮಿಷ ಬೇಕು. ಅಲ್ಲಿರುವ ಮೊಮ್ಮಕ್ಕಳೊಡನೆ ವಿಡಿಯೋ ಕಾಲಿನಲ್ಲಿ ಗಡಿಯಾರ ಹಿಡಿದು ಇದನ್ನು ಅಳೆಯಬಹುದು. ಇನ್ನೊಂದು ವಿಚಿತ್ರವಿದೆ. ವರ್ಷದ ಅತಿ ಗಿಡ್ಡ ಹಗಲು ಡಿಸೆಂಬರ್ 21ರ ಆಸುಪಾಸಿನಲ್ಲಿ ಬಂದರೂ ನಮ್ಮಲ್ಲಿ ಸೂರ್ಯ ಅತಿ ಬೇಗ ಮುಳುಗುವ ಸಂಜೆ ನವೆಂಬರ್ ಮುಗಿಯುವ ಮುಂಚೆಯೇ ಬಂದು ಹೋಗಿರುತ್ತದೆ.

ಕತ್ತಲು ಕವಿಯುತ್ತಿದ್ದಂತೆ ಸಣ್ಣ ಬಾವಲಿಗಳು ತೋಟದಿಂದ ಹೊರಬೀಳುತ್ತವೆ, ಬದುವಿನಲ್ಲಿ ಜೀರುಂಡೆ ಶುರುವಾಗುತ್ತದೆ. ಆಗ ಒಂದು ಆಟ ಆಡಿ. ಎಲ್ಲರೂ ಕಣ್ಣು ಮುಚ್ಚಿ ಕೇಳುವ ಸದ್ದುಗಳನ್ನು ಬೆರಳಲ್ಲಿ ಎಣಿಸುವುದು. ಮಕ್ಕಳೇ ಗೆಲ್ಲುತ್ತಾರೆ. “ತಾತ, ಆ ಚ್ರೀ ಅನ್ನೋದು ನಿಂಗೆ ಕೇಳ್ತಿಲ್ವಾ?” ಎಂದರೆ ತಾತ ಬೇಜಾರಾಗಬೇಕಿಲ್ಲ. ಹುಟ್ಟಿದಾಗ 20 ಸಾವಿರ ಹರ್ಟ್ಸ್‌ವರೆಗೆ ಕೇಳುವ ಕಿವಿ ವಯಸ್ಸಾದಂತೆ ಮೇಲಿನ ಸ್ವರಗಳನ್ನು ಮೊದಲು ಕಳೆದುಕೊಳ್ಳುತ್ತದೆ, ಕೆಲವು ಕೀಟಗಳ ಹಾಡು ಸರಿಯಾಗಿ ಅಲ್ಲೇ ಇದೆ. ಬಾವಲಿಯ ಕೂಗು ಅದಕ್ಕೂ ಮೇಲೆ, ಅಲ್ಲಿ ತಾತ ಮೊಮ್ಮಗ ಇಬ್ಬರೂ ಸಮ.

ಮೋಡವಿದ್ದ ದಿನದ ನಿಯಮ ಬೇರೆ. ಹಿಂಗಾರಿನ ಸಂಜೆಮಳೆಗೆ ಸಿಡಿಲು ಜಾಸ್ತಿ, ಎತ್ತರದ ತೆಂಗು ಅದಕ್ಕೆ ಮೊದಲ ಗುರಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಈ ಲೆಕ್ಕವನ್ನು ಮನೆಯೊಳಗೆ ಕೂತು ಮಾಡಬೇಕು. ಎಣಿಕೆ ಮೂವತ್ತಕ್ಕಿಂತ ಕಡಿಮೆ ಬಂದರೆ ತೋಟದಲ್ಲಾಗಲಿ ಏರಿಯ ಮೇಲಾಗಲಿ ಯಾರೂ ಇರಬಾರದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ.

ಆ ಮಳೆಗೆ ಹಿರಿಯರು ಹೆಸರಿಟ್ಟಿದ್ದಾರೆ. ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ 6ರ ಸುಮಾರಿಗೆ ವಿಶಾಖೆ. ಚಿತ್ತೆ ಮಳೆಯ ದಿನಗಳಲ್ಲಿ ಚಿತ್ತಾ ನಕ್ಷತ್ರವನ್ನು ತೋರಿಸು ಎಂದು ಮಗು ಕೇಳಿದರೆ ತೋರಿಸಲು ಆಗುವುದಿಲ್ಲ. ಮಳೆಗೆ ಆ ಹೆಸರು ಬಂದಿರುವುದು ಸೂರ್ಯ ಆ ನಕ್ಷತ್ರದ ಭಾಗದಲ್ಲಿದ್ದಾನೆ ಎಂಬ ಕಾರಣಕ್ಕೆ. ಸೂರ್ಯನ ಜೊತೆಗೇ ಅದೂ ಹುಟ್ಟಿ ಅದೂ ಮುಳುಗುತ್ತದೆ. ತಿಂಗಳ ಹೆಸರಿನ ಲೆಕ್ಕ ಬೇರೆ. ಹುಣ್ಣಿಮೆಯ ಚಂದ್ರ ಅಶ್ವಿನಿಯ ಬಳಿ ಇದ್ದರೆ ಆಶ್ವಯುಜ, ಕೃತ್ತಿಕೆಯ ಬಳಿ ಇದ್ದರೆ ಕಾರ್ತಿಕ. ಈಗ 27 ನಕ್ಷತ್ರಗಳ ಪಟ್ಟಿ ಹಿಡಿದು ಮಕ್ಕಳೇ ಎಣಿಸಲಿ. ಅಶ್ವಿನಿ ಮೊದಲನೆಯದು, ಚಿತ್ತೆ ಹದಿನಾಲ್ಕನೆಯದು. ಕೃತ್ತಿಕೆ ಮೂರನೆಯದು, ವಿಶಾಖೆ ಹದಿನಾರನೆಯದು. ಎರಡೂ ಸಲ ಹದಿಮೂರರ ಅಂತರ, ಅಂದರೆ ಆಕಾಶದ ಸುತ್ತಿನಲ್ಲಿ ಸುಮಾರು ಅರ್ಧ. ಹುಣ್ಣಿಮೆಯ ದಿನ ಸೂರ್ಯ ಚಂದ್ರ ಎದುರುಬದುರು ಇರಲೇಬೇಕಲ್ಲ! 2024ರ ಕಾರ್ತಿಕ ಹುಣ್ಣಿಮೆ ನವೆಂಬರ್ 15ಕ್ಕೆ ಬಿತ್ತು, ಆಗ ನಡೆಯುತ್ತಿದ್ದುದು ವಿಶಾಖೆ ಮಳೆ. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ, ಭೂಮಿಯ ನೆರಳು ಕಂಡ ಅದೇ ಪೂರ್ವಕ್ಕೆ ತಿರುಗಿದರೆ ಚಂದ್ರ ಏರುತ್ತಾನೆ. ಹುಣ್ಣಿಮೆಯ ಬೆಳಕಿಲ್ಲದ ನವೆಂಬರ್ ಸಂಜೆ ಏಳೂವರೆಗೆ ಅದೇ ಪೂರ್ವದಲ್ಲಿ ಕೃತ್ತಿಕೆಯ ಪುಟ್ಟ ಗೊಂಚಲು ಎದ್ದಿರುತ್ತದೆ. ದೊಡ್ಡವರು ಆರು ಎಣಿಸಿದರೆ ಮಕ್ಕಳು ಏಳೋ ಎಂಟೋ ಎಣಿಸಿ ತೋರಿಸುತ್ತಾರೆ.

ಮಳೆನಕ್ಷತ್ರಗಳ ಈ ಕ್ಯಾಲೆಂಡರ್ ಎಂದೆಂದಿಗೂ ಹೀಗೇ ಇರುವುದಿಲ್ಲ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಎಪ್ಪತ್ತು ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಹೆಚ್ಚುಕಮ್ಮಿ ಇಡೀ ಒಂದು ಮಳೆಯಷ್ಟು ಮುಂದಕ್ಕೆ ಜಾರುತ್ತದೆ. ತುರುವೇಕೆರೆಯ ಹೊಯ್ಸಳ ದೇವಸ್ಥಾನಗಳನ್ನು ಕಟ್ಟಿದ 13ನೇ ಶತಮಾನಕ್ಕೂ ಇಂದಿಗೂ ಸುಮಾರು ಹತ್ತು ದಿನದ ವ್ಯತ್ಯಾಸ. ಆ ಕಲ್ಲು ಕೆತ್ತುತ್ತಿದ್ದವರು ಚಿತ್ತೆ ಮಳೆ ಹಿಡಿಯಿತು ಎನ್ನುತ್ತಿದ್ದ ದಿನಗಳನ್ನು, ಹವೆ ಅದೇ ಆಗಿದ್ದರೂ, ನಾವೀಗ ಚಿತ್ತೆಗೆ ಮುಂಚಿನ ಹಸ್ತೆ ಮಳೆ ಎನ್ನುತ್ತೇವೆ.